ಹಳ್ಳಿಗುಡಿ ದಾಟುವಾಗ

ಗದಗದಿಂದ ಕೊಪ್ಪಳದ ಕಡೆ ಹೋಗುವಾಗ ನಾನು ಹಳ್ಳಿಗುಡಿ ಸುತ್ತಿನ ಹೊಲ ನೋಡದೆ ಬಿಡುವುದಿಲ್ಲ. ಹಿಂಗಾರಿಯಲ್ಲಿ ಅಲ್ಲೆಲ್ಲ ಕಡಲೆ, ಬಿಳಿಜೋಳ. ಎರೆಮಣ್ಣು ಬಾಯಿ ಬಿಟ್ಟಿದ್ದರೂ ಕಡಲೆಗಿಡ ಇಬ್ಬನಿ ಕುಡಿದು ಹಸಿರಾಗಿಯೇ ನಿಂತಿರುತ್ತದೆ.

2011ರಲ್ಲಿ ಇಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರಬೇಕಿತ್ತು. ₹32,000 ಕೋಟಿ ಯೋಜನೆ, ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿ. ಗದಗಿನ ತೋಂಟದ ಸಿದ್ಧಲಿಂಗ ಶ್ರೀಗಳು ರೈತರ ಜೊತೆ ನಿಂತರು. ಅದೇ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು.

ಕೊಪ್ಪಳ ದಾಟಿ ಗಿಣಿಗೇರಿ ಬಂತೆಂದರೆ ಹೊಗೆಕೊಳವೆಗಳು ಶುರು. ಹೋದ ಸಲ ಅಲ್ಲಿ ಪರಿಚಯದವರ ಮನೆಯಲ್ಲಿ ಒಣಹಾಕಿದ ಬಿಳಿ ಧೋತರ ಕೊಡವಿದರೆ ಕಾಡಿಗೆಯಂಥ ಪುಡಿ ಉದುರಿತು. ಅವರ ಮಗ ಅಲ್ಲಿನದೇ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾನೆ. "ಬೂದಿನೂ ಅವರದ, ಪಗಾರನೂ ಅವರದ. ಯಾರಿಗೆ ಬೈಯೂಣ್ರಿ?" ಅಂತ ನಕ್ಕರು. ನನಗೆ ನಗಲಾಗಲಿಲ್ಲ.

ಹಾಗಂತ ನಮ್ಮ ಗದಗದ ಕಡೆ ಎಲ್ಲ ಸುಖವೇನಲ್ಲ. ಮುಂಡರಗಿ, ಶಿರಹಟ್ಟಿಯ ತಾಂಡಾಗಳಿಂದ ಗೋವಾಕ್ಕೆ ಗುಳೆ ಹೋಗುವುದು ನಿಂತಿಲ್ಲ. ಭೂಮಿ ಉಳಿದದ್ದು ಖರೆ. ಉತಾರದಾಗ ಹೆಸರೇ ಇಲ್ಲದವರಿಗೆ ಉಳಿದದ್ದೇನು? ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಯಿತು ಅನ್ನುವುದೊಂದು ಸಮಾಧಾನ.

ವಾಪಸ್ ಬರುವಾಗ ರಸ್ತೆ ಬದಿ ಒಬ್ಬ ಅಜ್ಜ ಹಸಿಕಡಲೆಯ ಸಿವುಡು ಮಾರುತ್ತಿದ್ದ. ಎರಡು ಕೊಂಡೆ. ದಾರಿಯುದ್ದಕ್ಕೂ ಬಿಡಿಸಿ ತಿಂದ ಬೆರಳು ಮನೆ ಮುಟ್ಟಿದರೂ ಹುಳಿ ಹುಳಿ.