ಎಲೆ ಉದುರಿದ ಮೇಲೆ

ನವೆಂಬರ್ 29, ಅಥೆನ್ಸ್, ಒಹಾಯೊ

ನೆಲ್ಸನ್‌ವಿಲ್ ದಾರಿಯ ಗುಡ್ಡಗಳೆಲ್ಲ ಬೋಳು. ಸೆಪ್ಟೆಂಬರ್ 1ಕ್ಕೆ ಅಳಿಲು ಶಿಕಾರಿ ಶುರುವಾದಾಗ ಹಿಕರಿ ಮರದ ಬುಡದಲ್ಲೇ ನಿಂತರೂ ಮೇಲಿದ್ದ ಅಳಿಲು ಕಾಣುತ್ತಿರಲಿಲ್ಲ. ಕಾಯಿಯ ಸಿಪ್ಪೆ ಟಪಟಪ ಬೀಳುವ ಸದ್ದು ಹಿಡಿದು ಅಂದಾಜು ಮಾಡಬೇಕಿತ್ತು. ಈಗ ಆಚೆ ಗುಡ್ಡದ ಕೊಂಬೆಯ ಮೇಲಿರುವುದೂ ಕಾಣುತ್ತದೆ. ಕಷ್ಟವೇನೆಂದರೆ, ಅದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ನಾವು ಅದರ ಕಣ್ಣಿಗೆ ಬಿದ್ದು ಬಹಳ ಹೊತ್ತಾಗಿರುತ್ತದೆ. ಸಾಲದ್ದಕ್ಕೆ ನೆಲದ ತುಂಬ ಓಕ್ ಎಲೆ. ರಾತ್ರಿಯ ಇಬ್ಬನಿ ಅದರ ಮೇಲೆ ಹೆಪ್ಪುಗಟ್ಟಿದರೆ ಹೆಜ್ಜೆ ಹೆಜ್ಜೆಗೂ ಹಪ್ಪಳ ಮುರಿದ ಸದ್ದು.

ಪಕ್ಕದ ಮನೆಯ ಅಜ್ಜ ಕಲ್ಲಿದ್ದಲು ಗಣಿಯಲ್ಲಿ ದುಡಿದು ನಿವೃತ್ತರಾದವರು. ಈ ಕಾಲದಲ್ಲಿ ಶಿಕಾರಿ ಕೆಡುವುದೆಲ್ಲ ಟ್ರಕ್ಕಿನ ಬಾಗಿಲಿಗೂ ಮೊದಲ ಮರಕ್ಕೂ ನಡುವೆ ಅನ್ನುತ್ತಾರೆ. ಇವತ್ತು ಅವರು ನಡೆದುಕೊಂಡಿದ್ದೂ ಆ ಮಾತಿಗೆ ತಕ್ಕಂತೆಯೇ. ಕಾಡಂಚು ಇನ್ನೂ ಕಾಲು ಮೈಲಿ ಇರುವಾಗಲೇ ಟ್ರಕ್ ನಿಲ್ಲಿಸಿದರು. ಬಾಗಿಲನ್ನು ಬಡಿಯದೆ ಸೊಂಟದಿಂದ ಒತ್ತಿ ಮುಚ್ಚಿದರು. ಕೀಲಿಗೊಂಚಲನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಳಿಸಿದರು. ನನ್ನ ನೈಲಾನ್ ಜಾಕೆಟ್ಟಿನ ತೋಳು ನಡೆಯುವಾಗ ಸುಯ್‌ಗುಟ್ಟುವುದು ಕೇಳಿ ಅದನ್ನು ಬಿಚ್ಚಿಸಿ, ಸೀಟಿನ ಹಿಂದಿದ್ದ ಹಳೆಯ ಉಣ್ಣೆ ಕೋಟು ಕೊಟ್ಟರು. ಮೂಡಣದ ಕಡೆಯಿಂದ ಒಳಹೊಕ್ಕೆವು. ಹಾಗೆ ಹೊಕ್ಕರೆ ಸೂರ್ಯ ನಮ್ಮ ಬೆನ್ನಿಗೆ, ಬಿಸಿಲು ಅಳಿಲಿನ ಕಣ್ಣಿಗೆ. ಮೊದಲು ಸಿಕ್ಕ ದಪ್ಪ ಮರಕ್ಕೇ ಒರಗಿ ಕೂತೆವು. ಬ್ಲೂ ಜೇ ಹಕ್ಕಿಯೊಂದು ನಾವು ಬಂದದ್ದನ್ನು ಕಾಡಿಗೆಲ್ಲ ಡಂಗುರ ಸಾರಿತು. ಕಾಲು ಗಂಟೆಯಾದ ಮೇಲೆ ಅದಕ್ಕೂ ಬೇಜಾರು ಬಂದು ಹಾರಿಹೋಯಿತು.

ಊರಿನಲ್ಲಿ ನಮ್ಮ ತಾತನ ಕಾಲದವರು ಹಂದಿಗೆ ಮರಸು ಕೂರುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಿಂತ ಹಿಂದಿನ ಮಾತು. ಆ ಕಥೆಗಳಲ್ಲೆಲ್ಲ ಗಾಳಿಯೇ ದೊಡ್ಡದು. ಮೈವಾಸನೆ ತಾಗಿತೋ, ಹಂದಿ ಆ ದಾರಿಗೇ ಬರುವುದಿಲ್ಲ. ಅಳಿಲಿಗೆ ಮನುಷ್ಯನ ವಾಸನೆಯ ಗೊಡವೆ ಕಡಿಮೆ, ಕಣ್ಣು ಕಿವಿಯೇ ಕಾವಲು. ಗಾಳಿ ಯಾವ ಕಡೆಗಿದೆ ಎಂದು ನಾನು ಬೂದಿ ತೂರಿ ನೋಡುವ ಮಾತೆತ್ತಿದ್ದಕ್ಕೆ ಅಜ್ಜ ನಕ್ಕರು.

ನವೆಂಬರ್ 30

ಬಿಳಿ ಓಕ್ ಬುಡದಲ್ಲಿ ಒಂದು ಕಾಯಿ ಸಿಕ್ಕಿತು. ಕಂದು ಬಣ್ಣ, ಉಗುರಿನಷ್ಟು ಉದ್ದ. ಚೂಪಾದ ತುದಿಯಲ್ಲಿ ಉಳಿಯಿಂದ ಕೆತ್ತಿದಂಥ ಪುಟ್ಟ ಗುಳಿ, ಮಿಕ್ಕಂತೆ ಕಾಯಿ ಇಡಿಯಾಗಿದೆ. ಅಳಿಲಿನ ಹಲ್ಲಿನ ಕೆಲಸ. ಬಿಳಿ ಓಕ್ ಕಾಯಿ ಉದುರಿದ ವರ್ಷದ ಶರತ್ತಿನಲ್ಲೇ ಮೊಳೆತುಬಿಡುತ್ತದೆ, ಹೂತಿಟ್ಟರೆ ಚಳಿಗಾಲಕ್ಕೆ ಉಳಿಯುವುದಿಲ್ಲ. ಹಾಗಾಗಿ ಅಳಿಲು ಅದನ್ನು ಆದಷ್ಟು ಅಲ್ಲೇ ತಿಂದು ಮುಗಿಸುತ್ತದೆ. ಹೂಳುವುದೇ ಆದರೆ ತುದಿಯ ಮೊಳಕೆಯನ್ನು ಕಚ್ಚಿ ತೆಗೆದು ಹೂಳುತ್ತದೆ. ಕೆಂಪು ಓಕ್ ಕಾಯಿ ಹೆಚ್ಚು ಒಗರು, ವಸಂತದವರೆಗೂ ಮೊಳೆಯುವುದಿಲ್ಲ. ಅದು ಗೋದಾಮಿಗೆ. ಗೋದಾಮೆಂದರೆ ಒಂದೇ ಕಡೆಯಲ್ಲ, ಗುಳಿಗೊಂದರಂತೆ ಗುಡ್ಡದ ತುಂಬ.

ನಮಗೆ ಇದರಿಂದ ತಿಳಿಯುವುದು ಎಲ್ಲಿಗೆ ಹೋಗಬೇಕೆಂಬುದು. ಬಿಳಿ ಓಕ್ ಊಟ ಮುಗಿದಿದೆ. ಇನ್ನು ಅವು ಕೆಂಪು ಓಕ್ ಇರುವ ಇಳಿಜಾರುಗಳಲ್ಲಿ ನೆಲಕ್ಕಿಳಿದು ಕೆದಕುತ್ತಿರುತ್ತವೆ. ತಾನೇ ಎಲೆ ಕೆದರುವಾಗ ಅಳಿಲಿಗೂ ಕಿವಿ ಮಂದ. ಆಗ ಎರಡು ಹೆಜ್ಜೆ ಇಡಬೇಕು. ಅದು ನಿಲ್ಲಿಸಿದರೆ ನಾವೂ ನಿಲ್ಲಬೇಕು, ಒಂದು ಕಾಲು ಎತ್ತಿಕೊಂಡಿದ್ದರೂ ಸರಿ.

ಡಿಸೆಂಬರ್ 2

ಜಿಂಕೆ ಶಿಕಾರಿಯ ಬಂದೂಕಿನ ವಾರ ಇವತ್ತಿನಿಂದ. ಊರಿನ ಅರ್ಧ ಜನ ಕಾಡಿನಲ್ಲಿದ್ದಾರೆ. ಈ ವಾರ ಅಳಿಲು ಶಿಕಾರಿಗೆ ಹೋದರೂ ಕಿತ್ತಳೆ ಬಣ್ಣದ ಮೇಲುಡುಪು ಹಾಕಲೇಬೇಕು. ನಾವು ಹೋಗುವುದಿಲ್ಲ.

ಅಜ್ಜನ ಅಡುಗೆಮನೆಯಲ್ಲಿ ಕಾಫಿ, ಹಳೆಯ ಕಥೆ. 1807ರಲ್ಲಿ ಈ ರಾಜ್ಯದಲ್ಲಿ ತೆರಿಗೆ ಕಟ್ಟುವವರು ಅಳಿಲಿನ ನೆತ್ತಿಚರ್ಮಗಳನ್ನೂ ತಂದೊಪ್ಪಿಸಬೇಕೆಂದು ಕಾನೂನು ಮಾಡಿದ್ದರಂತೆ. ಜೋಳದ ಹೊಲಗಳನ್ನು ಅವು ಅಷ್ಟರಮಟ್ಟಿಗೆ ಲೂಟಿ ಮಾಡುತ್ತಿದ್ದವು. ಅಂತರ್ಯುದ್ಧದ ಕಾಲದಲ್ಲಿ, 1862ರ ಸೆಪ್ಟೆಂಬರ್‌ನಲ್ಲಿ, ದಕ್ಷಿಣದ ಸೈನ್ಯ ಸಿನ್ಸಿನಾಟಿಯ ಹತ್ತಿರ ಬಂದಾಗ ಗವರ್ನರ್ ಡೇವಿಡ್ ಟಾಡ್ ಕರೆ ಕೊಟ್ಟರು. ಹಳ್ಳಿಗಳಿಂದ ಹದಿನೈದು ಸಾವಿರಕ್ಕೂ ಹೆಚ್ಚು ಜನ ಮನೆಯ ಕೋವಿ ಹಿಡಿದು ಬಂದರು. ಅವರಿಗೆ ಬಿದ್ದ ಹೆಸರು ‘ಸ್ಕ್ವಿರಲ್ ಹಂಟರ್ಸ್’. ದೊಡ್ಡ ಕಾದಾಟವೇನೂ ಆಗದೆ ಶತ್ರು ಹಿಂದೆ ಸರಿದ. ಕವಾಯತು ಕಲಿಯದ ಜನ. ಆದರೂ ಒಣ ಎಲೆಯ ಮೇಲೆ ಸದ್ದಿಲ್ಲದೆ ನಡೆದು ಅಭ್ಯಾಸವಿದ್ದ ಹದಿನೈದು ಸಾವಿರ ಜನರನ್ನು ಎದುರು ಹಾಕಿಕೊಳ್ಳಲು ನನಗಂತೂ ಧೈರ್ಯ ಸಾಲುತ್ತಿರಲಿಲ್ಲ.

ಡಿಸೆಂಬರ್ 10

ರಾತ್ರಿಯೆಲ್ಲ ಸಣ್ಣ ಮಳೆ, ಬೆಳಗಿನ ಜಾವಕ್ಕೆ ಹೊಳವಾಯಿತು. ಗಾಳಿಯಿಲ್ಲ. ಇದಕ್ಕಿಂತ ಒಳ್ಳೆಯ ಬೆಳಗು ಸಿಗುವುದಿಲ್ಲ. ನೆನೆದ ಎಲೆ ಕಾಲಡಿಯಲ್ಲಿ ಮಾತಾಡುವುದಿಲ್ಲ.

ಹಳ್ಳದ ಒಳಗಿಂದಲೇ ಹೋದೆವು. ದಂಡೆ ಎದೆಯೆತ್ತರ ಇರುವುದರಿಂದ ಮೇಲಿನ ಇಳಿಜಾರಿಗೆ ನಮ್ಮ ತಲೆ ಬಿಟ್ಟು ಬೇರೇನೂ ಕಾಣದು. ದಿಬ್ಬದ ನೆತ್ತಿಯ ಮೇಲೆ ಅಜ್ಜ ಎಂದೂ ನಡೆಯುವುದಿಲ್ಲ. ಅಲ್ಲಿ ನಡೆದರೆ ಆಕಾಶಕ್ಕೆ ಎದುರಾಗಿ ಆಳು ಎದ್ದು ಕಾಣುತ್ತಾನೆ. ಅವರ ನಡಿಗೆಯನ್ನು ಹಿಂದಿನಿಂದ ನೋಡುತ್ತಿದ್ದೆ. ಮೂರು ಹೆಜ್ಜೆ, ನಿಲುಗಡೆ. ಒಂದು ಹೆಜ್ಜೆ, ಉದ್ದನೆಯ ನಿಲುಗಡೆ. ಆಮೇಲೆ ಐದು. ತಾಳ ತಪ್ಪಿಸುವುದೇ ಉದ್ದೇಶ. ಒಂದೇ ಸಮನೆ ಬರುವ ಸಪ್ಪಳ ಕಾಡಿನಲ್ಲಿ ಎರಡು ಕಾಲಿನ ಪ್ರಾಣಿಯದು ಮಾತ್ರ.

ಮೊದಲ ಅಳಿಲು ತುದಿಗೊಂಬೆಯಲ್ಲಿತ್ತು, ಹಿಂದೆ ಬರೀ ಆಕಾಶ. ಅಜ್ಜ ಕೋವಿ ಎತ್ತಲಿಲ್ಲ. ಪಾಯಿಂಟ್ 22ರ ಗುಂಡು ನೋಡಲು ಚಿಕ್ಕದು, ಗುರಿ ತಪ್ಪಿದರೆ ಒಂದು ಮೈಲಿಗೂ ಆಚೆ ಹೋಗಿ ಬೀಳುತ್ತದೆ. ಎರಡನೆಯದು ನಮ್ಮನ್ನು ಕಂಡು ಕುಕ್ ಕುಕ್ ಎಂದು ಬೈದು ಟ್ಯುಲಿಪ್ ಮರದ ಆ ಮಗ್ಗುಲಿಗೆ ಸರಿಯಿತು. ಇಂಥ ಹೊತ್ತಿಗೇ ನಾನು ಬೇಕಾಗುವುದು. ಕೋವಿ ಅವರದು, ಸುತ್ತು ಹಾಕುವುದು ನನ್ನದು. ಒಹಾಯೊದಲ್ಲಿ ಶಿಕಾರಿಗೆ ನೆರವಾಗುವುದೂ ಶಿಕಾರಿಯೇ. ಅದಕ್ಕೆಂದೇ ತರಗತಿಗೆ ಹೋಗಿ, ಪರೀಕ್ಷೆ ಬರೆದು ಲೈಸೆನ್ಸ್ ಮಾಡಿಸಿಕೊಂಡಿದ್ದೇನೆ. ಅಜ್ಜ ಅಲ್ಲಾಡದೆ ನಿಂತರು. ನಾನು ಬೇಕೆಂದೇ ಕಾಲೆಳೆಯುತ್ತ ದೂರದಿಂದ ಸುತ್ತಿದೆ. ನಾನು ಹೋದಷ್ಟೂ ಅದು ಕಾಂಡವನ್ನು ನಡುವೆ ಇಟ್ಟುಕೊಂಡು ಆಚೆ ಸರಿಯಿತು, ಅಜ್ಜನ ಎದುರಿಗೆ. ದಪ್ಪ ಕಾಂಡವೇ ಗುಂಡಿಗೆ ಗೋಡೆ. ಒಂದೇ ಈಡು.

ಕೈಯಲ್ಲಿ ಹಿಡಿದು ನೋಡಿದೆ. ಬೂದು ಮೈ, ಪಕ್ಕೆಯಲ್ಲಿ ತುಸು ಕೆಂಚು, ಬಾಲದ ಅಂಚಿಗೆ ಬೆಳ್ಳಿ ಜರಿ. ಬೆನ್ನ ಮೇಲೆ ರಾಮನ ಬೆರಳ ಗೆರೆಗಳಿಲ್ಲ. ಆ ಸೇತುವೆ ಕೆಲಸಕ್ಕೆ ಇವರ ಕಡೆಯವರು ಬಂದಿರಲಿಲ್ಲವಲ್ಲ. ದಿನಕ್ಕೆ ಆರರವರೆಗೆ ಹೊಡೆಯಬಹುದು. ಅಜ್ಜ ಎರಡಾದರೆ ಸಾಕು ಎಂದರು. ಅಜ್ಜಿಯ ಗ್ರೇವಿಗೆ ಅಷ್ಟೇ ಬೇಕಂತೆ. ನಾನು ಕಾಳುಮೆಣಸು ಕುಟ್ಟಿಕೊಂಡು ಹೋಗಿದ್ದೆ, ಅವರಿಗದು ತುಸು ಖಾರವಾಯಿತು.

ಡಿಸೆಂಬರ್ 14

ಜೋರು ಗಾಳಿ. ಎಳೆ ಬೀಚ್ ಮರಗಳು ಚಳಿಗಾಲವಿಡೀ ಒಣ ಎಲೆ ಬಿಡದೆ ಹಿಡಿದುಕೊಂಡಿರುತ್ತವೆ, ಅವುಗಳ ಗಲಗಲದಲ್ಲಿ ನಮ್ಮ ಹೆಜ್ಜೆ ಯಾರಿಗೂ ಕೇಳುತ್ತಿರಲಿಲ್ಲ. ಆದರೆ ಇಂಥ ದಿನ ಅಳಿಲಿಗೂ ಏನೂ ಕೇಳದು, ಹಾಗಾಗಿ ಅದು ಪೊಟರೆ ಬಿಟ್ಟು ಬರುವುದೇ ಇಲ್ಲ. ಒಂದು ಗಂಟೆ ನೋಡಿ ವಾಪಸಾದೆವು.

ಜನವರಿ 31ರವರೆಗೂ ಅವಕಾಶವಿದೆ. ಚಳಿ ಏರಿದಂತೆ ಇವು ಬೆಳಗು ಸಂಜೆಯ ಎರಡು ತಿರುಗಾಟ ಬಿಟ್ಟು ಬಿಸಿಲೇರಿದ ಮೇಲೆ ಒಂದೇ ಸಲ ಹೊರಗೆ ಬರುತ್ತವೆ. ಮುಂದಿನ ವಾರ ಹತ್ತು ಗಂಟೆಗೆ ಹೊರಟರೆ ಸಾಕು. ಆ ಹೊತ್ತಿಗೆ ಸೂರ್ಯ ಬೆನ್ನಿಗಿರಬೇಕೆಂದರೆ ತೆಂಕಣದಿಂದ ಹತ್ತಬೇಕು. ಅಲ್ಲಿ ಹಳ್ಳವಿಲ್ಲ, ಹಳೆಯ ಗಣಿಯ ರಸ್ತೆ ಇದೆ, ಏರು ಜಾಸ್ತಿ. ಅಜ್ಜನ ಮೊಣಕಾಲು ಒಪ್ಪುತ್ತದೋ ಇಲ್ಲವೋ ಶುಕ್ರವಾರ ಕೇಳಬೇಕು.