ನೀರ್ ಸಾಬರ ಬೋರಿಂಗು

ಮಂತ್ರಿಯಾಗಿದ್ದವರ ಹೆಸರು ಸತ್ತ ಮೇಲೆ ಯಾವುದಾದರೂ ಸರ್ಕಲ್ಲಿಗೆ ಅಂಟಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅಬ್ದುಲ್ ನಜೀರ್ ಸಾಬರಿಗೆ ಜನ ಅಷ್ಟು ಕಾಯಿಸಲಿಲ್ಲ. ಬದುಕಿದ್ದಾಗಲೇ ‘ನೀರ್ ಸಾಬ್’ ಎಂದು ಕರೆದುಬಿಟ್ಟರು. ನಮ್ಮ ಚಳ್ಳಕೆರೆ ಸೀಮೆಯ ಮುದುಕರಲ್ಲಿ ಎಷ್ಟು ಜನಕ್ಕೆ ಅವರ ಪೂರ್ತಿ ಹೆಸರು ಗೊತ್ತಿತ್ತೋ ಅನುಮಾನ. ‘ನೀರ್ ಸಾಬ್ರು ಹಾಕ್ಸಿದ ಬೋರಿಂಗು’ ಅಂದರೆ ಸಾಕಿತ್ತು, ಗುರುತು ಹತ್ತುತ್ತಿತ್ತು.

ಸಾಬರು ಗುಂಡ್ಲುಪೇಟೆಯವರು. 1983ರಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಇವರ ಪಾಲಿಗೆ ಬಂತು. ಜೊತೆಗೆ ಬರಗಾಲವೂ ಬಂತು. ಕೊಳವೆ ಬಾವಿ ಕೊರೆಯುವ ಲಾರಿ ನಮ್ಮೂರಿಗೆ ಬಂದದ್ದು ಆಗಲೇ. ರಾತ್ರಿಯಿಡೀ ಅದರ ಗಡಗಡ ಸದ್ದು. ಬೆಳಗಾಗುವಷ್ಟರಲ್ಲಿ ಕಲ್ಲಿನ ಹುಡಿ ಹಾರಿ ನಾವು ಹುಡುಗರೆಲ್ಲ ವಿಭೂತಿ ಬಳಿದ ಸಾಧುಗಳ ಹಾಗೆ ಕಾಣುತ್ತಿದ್ದೆವು.

ಆಮೇಲೆ ಕೂರಿಸಿದ್ದು ಇಂಡಿಯಾ ಮಾರ್ಕ್ ಟೂ ಎಂಬ ಕೈಪಂಪು. ಅದಕ್ಕೂ ಒಂದು ಚರಿತ್ರೆಯಿದೆ. ಮಹಾರಾಷ್ಟ್ರದ ಸೊಲ್ಲಾಪುರದ ಕಡೆ ಉಕ್ಕಿನಲ್ಲಿ ಬೆಸೆದು ಮಾಡುತ್ತಿದ್ದ ಪಂಪಿನ ಜಾಡು ಹಿಡಿದು, ಯುನಿಸೆಫ್ ನೆರವಿನಿಂದ 1970ರ ದಶಕದಲ್ಲಿ ರೂಪುಗೊಂಡದ್ದು. ಸಿಮೆಂಟಿನಲ್ಲಿ ಹೂತ ಮೂರು ಕಾಲು, ಉದ್ದನೆಯ ಹಿಡಿ, ತಲೆಯೊಳಗೆ ಸೈಕಲ್ ಚೈನಿಗಿಂತ ದಪ್ಪನೆಯ ಚೈನು. ಹಿಡಿ ಒತ್ತಿದರೆ ಪಾತಾಳದಲ್ಲೆಲ್ಲೋ ಇರುವ ಸಿಲಿಂಡರಿನಲ್ಲಿ ಚರ್ಮದ ವಾಷರು ಮೇಲೇರಿ ನೀರನ್ನು ತಳ್ಳಿಕೊಂಡು ಬರುತ್ತದೆ.

ಚರ್ಮದ ವಾಷರು! ಅದನ್ನು ಕೇಳಿದ್ದೇ ತಡ, ನಮ್ಮಜ್ಜಿ ಆ ನೀರು ಮುಟ್ಟೋದಿಲ್ಲ ಎಂದು ಹಟ ಹಿಡಿದರು. ಅಜ್ಜ ಜಗಲಿಯಿಂದಲೇ ಕೇಳಿದರು: “ಅಲ್ವೇ, ನಮ್ ಕಪಿಲೆಗೆ ಕಟ್ಟಿದ್ದೇನು ರೇಷ್ಮೆ ಚೀಲಾನಾ?” ಅಜ್ಜಿ ಉತ್ತರ ಕೊಡಲಿಲ್ಲ. ಸೇದೋ ಬಾವಿಯ ತಳ ಕಾಣುವವರೆಗೆ ಅಲ್ಲಿಗೇ ಹೋದರು. ಬಾವಿ ಬತ್ತಿದ ದಿನ ಯಾರಿಗೂ ಹೇಳದೆ ಬೋರಿಂಗಿನ ಸಾಲಿನಲ್ಲಿ ನಿಂತಿದ್ದರು. ಅವರ ಮುಂದೆ ಇದ್ದವರು, ಆ ಬಾವಿಯ ಕಟ್ಟೆ ಹತ್ತಲು ಎಂದೂ ಬಿಡದಿದ್ದ ಕೇರಿಯ ಹೆಂಗಸರು. ಪಂಪು ಕೂತದ್ದೇ ಅವರ ಕೇರಿಯಲ್ಲಿ. ನಮ್ಮೂರಿನ ಮಟ್ಟಿಗಂತೂ ಇದು ನೀರಿಗಿಂತ ದೊಡ್ಡ ಸುದ್ದಿ.

ಆದರೆ ವಾಷರು ಸವೆಯುತ್ತದೆ. ಪುಡಿಗಾಸಿನ ಆ ವಾಷರಿಗಾಗಿ ನೆಲದೊಳಗಿನ ಪೈಪುಗಳನ್ನೆಲ್ಲ ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ಜೀಪು ಬರಬೇಕು, ಸಲಕರಣೆ ಬರಬೇಕು, ಮೊದಲು ಅರ್ಜಿ ಹೋಗಬೇಕು. ಅರ್ಜಿ ಹಿಡಿದು ಹೋದ ನಮ್ಮೂರವರನ್ನು ‘ನಾಳೆ ಬನ್ನಿ’ ಎಂದು ಕಳಿಸಿದ್ದಕ್ಕೆ ಲೆಕ್ಕವಿಲ್ಲ. ಬೆಂಗಳೂರಿನ ಮಂತ್ರಿ ರಾಜ್ಯದ ತುಂಬ ಬೋರು ಕೊರೆಸಬಹುದು, ನಮ್ಮೂರಿನ ವಾಷರು ಬದಲಾಯಿಸಲು ಅವರಿಗೆ ಪುರುಸೊತ್ತೆಲ್ಲಿ? ಸಾಬರ ಇನ್ನೊಂದು ಕೆಲಸವನ್ನು, ಅಂದರೆ ಪಂಚಾಯತಿ ಕಾಯಿದೆಯನ್ನು, ನಾನು ಈ ಬೋರಿಂಗಿನ ಪಕ್ಕದಲ್ಲಿಟ್ಟೇ ನೋಡುವುದು. ವಿದ್ವಾಂಸರು ಎರಡನ್ನೂ ಬೇರೆ ಬೇರೆ ಅಧ್ಯಾಯದಲ್ಲಿ ಹಾಕುತ್ತಾರೆ, ಹಾಕಲಿ.

1983ರಲ್ಲೇ ವಿಧಾನಮಂಡಲ ಒಪ್ಪಿದ ಆ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬೀಳುವಷ್ಟರಲ್ಲಿ 1985 ಬಂದಿತ್ತು. 1987ರ ಜನವರಿಯಲ್ಲಿ ಚುನಾವಣೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಇದೊಂದೇ ಏರ್ಪಾಡು ಸಾಕಿತ್ತು ಕಚೇರಿಗಳ ಕುರ್ಚಿ ಅಲುಗಲು. ಮಂಡಲ ಪಂಚಾಯತಿಯ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ, ಅದೂ ಸಂವಿಧಾನದ 73ನೇ ತಿದ್ದುಪಡಿಗಿಂತ ಎಷ್ಟೋ ಮುಂಚೆ. ನಮ್ಮ ಬೀದಿಯಿಂದ ಗೆದ್ದಾಕೆ ಮೊದಮೊದಲು ಸಭೆಗೆ ಗಂಡನನ್ನೇ ಕಳಿಸುತ್ತಿದ್ದಳು. ಪಂಪು ಕೆಟ್ಟು ಕೊಡ ಹೊತ್ತು ಹೊಲದ ಬಾವಿಗೆ ನಡೆಯುವ ಹಾಗಾದಾಗ ತಾನೇ ಹೋದಳು. ಗಂಡನಿಗೆ ನೀರು ತಂದು ಅಭ್ಯಾಸವಿದ್ದರೆ ತಾನೆ ಸಭೆಯಲ್ಲಿ ಮಾತಾಡಲು!

ಸಾಬರು ಇದನ್ನೆಲ್ಲ ಹೆಚ್ಚು ದಿನ ನೋಡಲಿಲ್ಲ. 1988ರ ಅಕ್ಟೋಬರಿನಲ್ಲಿ ಕ್ಯಾನ್ಸರ್ ಅವರನ್ನು ಒಯ್ದಿತು. ಮಂಡಲಗಳ ಅವಧಿ 1992ಕ್ಕೆ ಮುಗಿದರೂ ಹೊಸ ಚುನಾವಣೆ ನಡೆಯಲಿಲ್ಲ. 1993ರಲ್ಲಿ ಬೇರೆ ಕಾಯಿದೆ ಬಂತು, ಮಂಡಲ ಹೋಗಿ ಗ್ರಾಮ ಪಂಚಾಯತಿಯಾಯಿತು. ಮೈಸೂರಿನಲ್ಲಿ ಪಂಚಾಯತಿ ಸದಸ್ಯರಿಗೆ ತರಬೇತಿ ಕೊಡುವ ಸಂಸ್ಥೆಗೆ ಅವರ ಹೆಸರಿದೆ, ಸರ್ಕಲ್ಲಿಗಿಂತ ಎಷ್ಟೋ ವಾಸಿ.

ಹಾಗಂತ ಎಲ್ಲ ನೆಟ್ಟಗಿದೆ ಎಂದಲ್ಲ. ಆಳಕ್ಕಿಳಿದಂತೆ ಪಾವಗಡದಂಥ ಸೀಮೆಯಲ್ಲಿ ನೀರಿನ ಜೊತೆ ಫ್ಲೋರೈಡೂ ಬಂತು, ಮಕ್ಕಳ ಹಲ್ಲು ಹಳದಿಯಾಯಿತು. ನಮ್ಮೂರಿನ ಕೈಪಂಪನ್ನು ಕಿತ್ತು ಅದೇ ತೂತಿಗೆ ಮೋಟಾರು ಇಳಿಸಿ ಸಿಸ್ಟರ್ನ್ ಕಟ್ಟಿದ್ದಾರೆ. ಮೋಟಾರು ಸುಟ್ಟರೆ ಈಗ ಯಾರೂ ಅರ್ಜಿ ಬರೆಯುವುದಿಲ್ಲ. ಖಾಲಿ ಕೊಡ ಹಿಡಿದು ಸೀದಾ ಪಂಚಾಯತಿ ಸದಸ್ಯೆಯ ಮನೆ ಮುಂದೆ ನಿಂತು ಬೈಯುತ್ತಾರೆ. ಆಕೆಯೂ ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಅಷ್ಟೇ ಜೋರಾಗಿ ಬೈದು, ಮೆಕ್ಯಾನಿಕ್ಕಿಗೆ ಫೋನ್ ಹಚ್ಚುತ್ತಾಳೆ.