ಹತ್ತು ಹಾಡು, ನೂರು ಪೌಂಡು

1
1902ರ ಏಪ್ರಿಲ್. ಮಿಲಾನ್ ನಗರದ ಗ್ರ್ಯಾಂಡ್ ಹೋಟೆಲಿನ ಒಂದು ಕೋಣೆ. ಒಂದು ಪಿಯಾನೊ, ಒಂದು ತಗಡಿನ ತುತ್ತೂರಿ, ಮೇಣದ ಬಿಲ್ಲೆಗಳು. ಹಾಡುವವನು ಎನ್ರಿಕೊ ಕರೂಸೊ, ಟೆನರ್. ಗಂಡಸಿನ ಸಹಜ ದನಿಗಳಲ್ಲಿ ಎತ್ತರದ್ದಕ್ಕೆ ಇರುವ ಹೆಸರು ಅದು. ಮುದ್ರಿಸಿಕೊಳ್ಳುವವನು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್, ಅಮೆರಿಕದವನು.

2
ಹತ್ತು ಹಾಡಿಗೆ ಕರೂಸೊ ಕೇಳಿದ್ದು 100 ಪೌಂಡು. ಆಗಿನ ಲೆಕ್ಕದಲ್ಲಿ ನಮ್ಮ 1500 ರೂಪಾಯಿ. ಗೈಸ್‌ಬರ್ಗ್ ಲಂಡನ್ನಿನ ಕಚೇರಿಗೆ ತಿಳಿಸಿದ. ಇಷ್ಟು ದುಡ್ಡು ಕೊಡಲಾಗದು, ಮುದ್ರಿಸಬೇಡ ಎಂದು ತಂತಿ ಬಂತು. ಅವನು ಮುದ್ರಿಸಿದ. ಇದು ಗೈಸ್‌ಬರ್ಗ್ ನಲವತ್ತು ವರ್ಷ ಕಳೆದ ಮೇಲೆ ಬರೆದ ನೆನಪು.

3
ಎರಡು ಗಂಟೆಯಲ್ಲಿ ಹತ್ತೂ ಮುಗಿದವು. ಕರೂಸೊಗೆ ಊಟದ ಅವಸರವಿತ್ತಂತೆ.

4
ಮೊದಲು ಮೇಣಕ್ಕೆ ಇಳಿದದ್ದು ‘ಸ್ತುದೆಂತಿ, ಉದಿತೆ’. ವಿದ್ಯಾರ್ಥಿಗಳನ್ನು ಕೂಗಿ, ಕೇಳಿ ಎನ್ನುವ ಹಾಡು. ಫ್ರಾಂಕೆತ್ತಿ ಬರೆದ ‘ಜೆರ್ಮಾನಿಯಾ’ ಒಪೆರಾದ್ದು. ಆ ಒಪೆರಾ ಲಾ ಸ್ಕಾಲಾ ರಂಗಮಂದಿರದಲ್ಲಿ ಮೊದಲ ಸಲ ನಡೆದದ್ದು ಅದೇ ವರ್ಷದ ಮಾರ್ಚ್ 11ರಂದು. ಅಂದರೆ ತಿಂಗಳ ಹಿಂದಿನ ಹೊಸ ಸರಕು. ಈಗ ಅದನ್ನು ಆಡುವವರು ಅಪರೂಪ.

5
ರಂಗದ ಮೇಲೆ ಕರೂಸೊನ ಮೊದಲ ಹಾಡು ಬೇರೆ. 1895ರ ಮಾರ್ಚ್ 15, ನೇಪಲ್ಸ್, ‘ಲಾಮಿಕೊ ಫ್ರಾಂಚೆಸ್ಕೊ’ ಎಂಬ ಒಪೆರಾ. ಅದೂ ಮರೆತುಹೋಯಿತು. ಹೀಗೆ ಎರಡು ಆರಂಭಗಳು, ಎರಡೂ ಉಳಿಯದ ಒಪೆರಾಗಳಲ್ಲಿ.

6
ಅದೇ ಹೋಟೆಲಿನಲ್ಲಿ 1901ರ ಜನವರಿ 27ರಂದು ಒಪೆರಾಗಳ ರಚನಕಾರ ವೆರ್ದಿ ತೀರಿಕೊಂಡ. ಅವನು ಹಾಸಿಗೆ ಹಿಡಿದಿದ್ದಾಗ ಹೊರಗಿನ ಬೀದಿಗೆ ಹುಲ್ಲು ಹಾಸಿದ್ದರು, ಗಾಡಿಗಳ ಸದ್ದು ಒಳಗೆ ಕೇಳಬಾರದೆಂದು. ಮುಂದಿನ ವರ್ಷ ಅಲ್ಲಿಗೇ ಸದ್ದು ಹಿಡಿಯುವ ಯಂತ್ರ ಬಂತು. ಹತ್ತು ಹಾಡುಗಳಲ್ಲಿ ಎರಡು ವೆರ್ದಿಯವು.

7
ಮೈಕು ಇಲ್ಲ, ವಿದ್ಯುತ್ತಿನ ಕೆಲಸವೇ ಇಲ್ಲ. ಗಾಯಕನ ದನಿಯ ಅಲೆ ತುತ್ತೂರಿಯೊಳಗೆ ಹೋಗಿ ಒಂದು ಪೊರೆಯನ್ನು ಅಲುಗಿಸುತ್ತದೆ, ಪೊರೆ ಸೂಜಿಯನ್ನು, ಸೂಜಿ ಮೇಣವನ್ನು. ಎತ್ತರದ ಸ್ವರ ಬಂದಾಗ ಹಿಂದೆ ಸರಿಯಬೇಕು, ಮೆಲ್ಲಗೆ ಹಾಡುವಾಗ ಮುಂದೆ ಬಾಗಬೇಕು. ಪಿಟೀಲು ಸರಿಯಾಗಿ ಸಿಕ್ಕುತ್ತಿರಲಿಲ್ಲ. ಹೆಣ್ಣುದನಿಯ ತುದಿ ಸಿಕ್ಕುತ್ತಿರಲಿಲ್ಲ. ಟೆನರ್ ದನಿ ಸಿಕ್ಕಿತು. ತುತ್ತೂರಿಯ ಇಷ್ಟಾನಿಷ್ಟಗಳ ಬಗ್ಗೆ ಆ ಕಾಲದ ಗಾಯಕರು ಏನೂ ಮಾಡುವಂತಿರಲಿಲ್ಲ.

8
ಕರೂಸೊ ವ್ಯಂಗ್ಯಚಿತ್ರ ಬರೆಯುತ್ತಿದ್ದ. ತುತ್ತೂರಿಯೊಳಗೆ ಹಾಡುತ್ತಿರುವ ತನ್ನನ್ನೂ ಬರೆದುಕೊಂಡಿದ್ದಾನೆ.

9
ಹಳೆಯ ಫೋಟೊ ಒಂದರಲ್ಲಿ ಅವನು ರೋಮನ್ ಶಾಲಿನಂಥದ್ದು ಹೊದ್ದು ನಿಂತಿದ್ದಾನೆ. ಅದು ಮಂಚದ ಮೇಲಿನ ದುಪ್ಪಟಿ. ಇದ್ದ ಒಂದೇ ಅಂಗಿ ಒಗೆಯಲು ಹೋಗಿತ್ತಂತೆ.

10
ಕರೂಸೊನ ತಾಯಿಗೆ 21 ಮಕ್ಕಳು ಎಂದು ಜೀವನಚರಿತ್ರೆಗಳಲ್ಲಿ ಬಹುಕಾಲ ಅಚ್ಚಾಯಿತು. ನೇಪಲ್ಸಿನ ದಾಖಲೆ ತೆರೆದು ನೋಡಿದವರಿಗೆ ಸಿಕ್ಕಿದ್ದು ಏಳು. ಉಳಿದ 14 ಎಲ್ಲಿಂದ ಬಂದವೊ.

11
1901ರ ಡಿಸೆಂಬರ್ 30. ನೇಪಲ್ಸಿನ ಸಾನ್ ಕಾರ್ಲೊ ರಂಗಮಂದಿರ, ದೊನಿಜೆತ್ತಿಯ ‘ಲೆಲಿಸಿರ್ ದಮೋರೆ’. ಸ್ವಂತ ಊರಿನವರು ಅವನು ಬಯಸಿದಷ್ಟು ಚಪ್ಪಾಳೆ ತಟ್ಟಲಿಲ್ಲ. ಇನ್ನು ಈ ಊರಿಗೆ ಬಂದರೆ ಶಾವಿಗೆ ತಿನ್ನಲು ಮಾತ್ರ ಎಂದನಂತೆ. ಆ ಋತು ಮುಗಿದ ಮೇಲೆ ಮತ್ತೆ ಅಲ್ಲಿ ಒಪೆರಾ ಹಾಡಲಿಲ್ಲ.

ಮೂರೂವರೆ ತಿಂಗಳ ನಂತರ ತುತ್ತೂರಿಯ ಮುಂದೆ ಅದೇ ಒಪೆರಾದ ಹಾಡನ್ನೂ ಹಾಡಿದ. ತುತ್ತೂರಿ ಚಪ್ಪಾಳೆ ತಟ್ಟುವುದಿಲ್ಲ, ಸುಮ್ಮನೂ ಕೂರುವುದಿಲ್ಲ.

12
ಮೇ 14ರಂದು ಲಂಡನ್ನಿನ ಕವೆಂಟ್ ಗಾರ್ಡನ್, ‘ರಿಗೊಲೆತ್ತೊ’, ಜೊತೆಗೆ ಗಾಯಕಿ ಮೆಲ್ಬಾ. ಆ ವೇಳೆಗೆ ಮಿಲಾನಿನ ಹಾಡುಗಳ ಪ್ಲೇಟುಗಳು ಅಂಗಡಿಗೆ ಬಂದಿದ್ದವು. 1903ರ ನವೆಂಬರ್ 23ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಮತ್ತೆ ‘ರಿಗೊಲೆತ್ತೊ’. ಮುಂದಿನ ವರ್ಷ ವಿಕ್ಟರ್ ಕಂಪನಿಗೆ ಮುದ್ರಣ.

13
ಅಲ್ಲಿಯವರೆಗೆ ದೊಡ್ಡ ಗಾಯಕರಿಗೆ ಗ್ರಾಮಫೋನ್ ಎಂದರೆ ಮಕ್ಕಳ ಆಟಿಕೆ. ಕರೂಸೊ ನಂತರ ಒಬ್ಬೊಬ್ಬರಾಗಿ ಬಂದರು. ತಮಾನ್ಯೊ 1903ರಲ್ಲಿ, ಮೆಲ್ಬಾ 1904ರಲ್ಲಿ, ಪ್ಯಾಟಿ 1905ರಲ್ಲಿ. ಪ್ಯಾಟಿಗೆ ಆಗ 62 ವರ್ಷ.

14
ಅದೇ 1902ರ ಏಪ್ರಿಲ್‌ನಲ್ಲಿ ಗೈಸ್‌ಬರ್ಗ್ ವ್ಯಾಟಿಕನ್ನಿಗೂ ಹೋದ. ಅಲ್ಲಿ ಅಲೆಸ್ಸಾಂದ್ರೊ ಮೊರೆಸ್ಕಿ ಹಾಡಿದ. ಹುಡುಗದನಿ ಒಡೆಯದಂತೆ ಬಾಲ್ಯದಲ್ಲೇ ಶಸ್ತ್ರಕ್ರಿಯೆ ಆದ ಗಾಯಕರ ಪೈಕಿ ಕೊನೆಯವರಲ್ಲಿ ಒಬ್ಬ. ಒಂದು ಪರಂಪರೆಯ ಬಾಲ, ಇನ್ನೊಂದರ ತಲೆ, ಒಂದೇ ತಿಂಗಳಲ್ಲಿ ಮೇಣಕ್ಕೆ ಇಳಿದವು.

15
ಬಳಿಕ ಅದೇ ಗೈಸ್‌ಬರ್ಗ್ ಹಡಗು ಹತ್ತಿದ. ನವೆಂಬರ್‌ನಲ್ಲಿ ಕಲ್ಕತ್ತಾ. ಮತ್ತೆ ಹೋಟೆಲ್ ಕೋಣೆ, ಮತ್ತೆ ತುತ್ತೂರಿ. ಹಾಡಿದವಳು ಗೌಹರ್ ಜಾನ್. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಾಳೆ. ಪ್ಲೇಟು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರ್ ಊರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂದು ಗೊತ್ತಾಗಬೇಕಲ್ಲ.

16
ಗೈಸ್‌ಬರ್ಗ್ ಹುಟ್ಟಿದ್ದು 1873ರ ಜನವರಿ 1. ಕರೂಸೊ, 1873ರ ಫೆಬ್ರವರಿ 25. ಗೌಹರ್ ಜಾನ್, 1873ರ ಜೂನ್ 26.

ಮೂರು ಸಲ ಸರಿನೋಡಿದೆ.

17
ಕರೂಸೊ ಬದುಕಿನುದ್ದಕ್ಕೂ ಪ್ಲೇಟಿನಿಂದ ಸಂಪಾದಿಸಿದ. ಗೌಹರ್ ಜಾನ್ ನೂರಾರು ಹಾಡು ಮುದ್ರಿಸಿದಳು. 1928ರಲ್ಲಿ ಮೈಸೂರು ಅರಮನೆಯ ಸಂಬಳಕ್ಕೆ ಸೇರಿದಳು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು.

18
ಕರೂಸೊ ಸತ್ತದ್ದು 1921ರ ಆಗಸ್ಟ್ 2ರಂದು, 48ರ ವಯಸ್ಸಿನಲ್ಲಿ. ನೇಪಲ್ಸಿನಲ್ಲಿ. ಹೋಟೆಲ್ ಕೋಣೆಯೊಂದರಲ್ಲಿ.

19
‘ಸ್ತುದೆಂತಿ, ಉದಿತೆ’ಯ ಆ ಮುದ್ರಣ ಈಗ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ಸೂಜಿಯ ಚರಚರ ಕೇಳುತ್ತದೆ. ಕೆಟ್ಟಿದೆ ಎಂದುಕೊಂಡು ನಿಲ್ಲಿಸಬೇಡಿ.